ಧಣಿ ತಂದ ಗಿಫ್ಟು

“ನೆಟ್ಟಗೆ ನಿಂತ್ಕಳ್ರೋ, ಹುಳಿ ಎಲೆಕೋಸು ತಿನ್ನೋ ಬೋಳಿಮಕ್ಳಾ! ನಿಮ್ ಮಕ ನೋಡುದ್ರೆ ರಾಜನ ಸೈನ್ಯಕ್ಕೇ ನಾಚ್ಕೆ!”

ಬೈಯುತ್ತಿದ್ದವನು ಕ್ಯಾಪ್ಟನ್ ಥಾರ್ನ್‌ಬಿ. ಅಮೆರಿಕದ ಮೊಹಾಕ್ ಹೊಳೆಯ ಈ ದಡದ ನೆಲವೆಲ್ಲ ಅವನದೇ. ಧಣಿ ಇಂಗ್ಲೆಂಡಿನ ರಾಜನ ಕಡೆ, ಆದ್ದರಿಂದ ಅವನ ಗೇಣಿದಾರರಾದ ನಾವು ಹದಿನೇಳು ಜನ ಜರ್ಮನರೂ ರಾಜನ ಕಡೆ. ರಾಜನ ಸೈನ್ಯದ ಹಸಿರು ಕೋಟು ತೊಡುವುದಿಲ್ಲ ಎಂದ ವೆಂಡೆಲನ ಹೆಂಡತಿ ಮಕ್ಕಳು ಮಾರನೆಯ ದಿನವೇ ಬೀದಿಯಲ್ಲಿದ್ದರು.

ರಾಜ ಬೇಡವೆಂದು ಬಂದೂಕು ಹಿಡಿದ ಆಚೆ ದಡದವರ ಗೋಧಿಹೊಲ ಸುಡಬೇಕೆಂಬುದು ಆ ಬೆಳಿಗ್ಗೆಯ ಅಪ್ಪಣೆ. ಮೊದಲ ಹೊಲವೇ ನನ್ನ ತಂಗಿ ಎಲ್ಸ್‌ಬೆತ್‌ಳದು.

ಧಣಿ ಒಂದು ಪೀಪಾಯಿ ತರಿಸಿ ಭಾಷಣ ಶುರುಮಾಡಿದ. ಬೈಗುಳದ ಇಂಗ್ಲಿಷು ನಮಗೆ ಚೆನ್ನಾಗಿ ಬರುತ್ತಿತ್ತು, ಉಳಿದದ್ದು ಅಷ್ಟಕ್ಕಷ್ಟೆ. ತಿಳಿದದ್ದು ಎರಡೇ ಮಾತು: ರಾಜ, ಗಿಫ್ಟ್.

ನಮ್ಮ ಜರ್ಮನ್ನಿನಲ್ಲಿ ಗಿಫ್ಟ್ ಅಂದರೆ ವಿಷ.

“ಇಸ ಕುಡುಸ್ತಾವ್ನೆ ಕಣ್ರಲಾ!” ಎಂದ ಮುದುಕ ಯೋಸ್ಟ್. ಲೋಟ ಕೈಗೆ ಬಂದರೂ ಒಬ್ಬನೂ ತುಟಿಗೆ ತಾಗಿಸಲಿಲ್ಲ. ಯೋಸ್ಟ್ ಮಂಡಿಯೂರಿದ. “ಗಿಫ್ಟ್ ಬ್ಯಾಡ ಬುದ್ಧೀ! ಮೊಮ್ಮಕ್ಳವೆ!”

“ರಾಜ ಕೊಟ್ಟಿದ್ದ ಬ್ಯಾಡ ಅಂತೀಯೇನೋ ನಾಯಿ?” ಧಣಿ ಅವನ ಲೋಟ ಕಸಿದು ಗಟಗಟ ಕುಡಿದು ತೋರಿಸಿದ. ನಾವು ಕಣ್ಣು ಮಿಟುಕಿಸದೆ ಕಾದೆವು. ಸಾಯಲಿಲ್ಲ.

“ನಿಧಾನದ ಇಸ ಇರ್ಬೇಕು,” ಎಂದ ಯೋಸ್ಟ್.

ಧಣಿಗೆ ರೇಗಿತು. ಎರಡನೆಯವನ ಲೋಟವನ್ನೂ ಕುಡಿದ, ಮೂರನೆಯವನದನ್ನೂ. ಒಂಬತ್ತನೆಯದಕ್ಕೆ ಹಾಡತೊಡಗಿದ. ಹನ್ನೊಂದನೆಯದಕ್ಕೆ ನಗಾರಿಯನ್ನು ತಬ್ಬಿಕೊಂಡು ಹೊಳೆದಂಡೆಯಲ್ಲೇ ಉರುಳಿದ. ಯೋಸ್ಟ್ ಟೋಪಿ ತೆಗೆದು ಅವನ ಆತ್ಮಕ್ಕಾಗಿ ಪ್ರಾರ್ಥನೆ ಶುರುಮಾಡಿದ. ಧಣಿ ಗೊರಕೆ ಹೊಡೆದ.

ನಾನು ಲೋಟ ಮೂಸಿದೆ. ರಮ್ಮು! ಅದೂ ಒಳ್ಳೇ ರಮ್ಮು.

“ಹೆಂಗ್ಲಾ ಫೆಲ್ಟೆನ್, ಸತ್ನಾ?” ಎಂದು ಯೋಸ್ಟ್ ನನ್ನನ್ನು ಕೇಳಿದ.

“ಸಂಜೆಗಂಟ ಸತ್ತಂಗೇಯ. ತಾತ, ನೀನು ನಮ್ ಹೆಂಗುಸ್ರು ಮಕ್ಳನ್ನ ದೋಣೀಲಿ ಆಚೆ ದಡ ಮುಟ್ಸು. ನನ್ ತಂಗಿ ಅವ್ಳೆ, ನೋಡ್ಕತಾಳೆ.”

“ಅಪ್ಪಣೆ ಕತೆ ಏನ್ಲಾ?”

“ಹೊಲ ಸುಡಿ ಅಂದವ್ನೆ. ಸುಡುವಾ. ಯಾರ್ದು ಅಂತ ನಮಗೆ ಇಂಗ್ಲಿಸ್ ತಿಳೀಲಿಲ್ಲ, ಅಷ್ಟೇಯ.”

ಧಣಿಯ ದೊಡ್ಡ ಹೊಲಕ್ಕೆ ಹೋದೆವು. ಉತ್ತವರು, ಬಿತ್ತಿದವರು ನಾವೇ, ಎಲ್ಲ ಬಿಟ್ಟಿ ಚಾಕರಿ. ಆದರೂ ಮಾಗಿದ ಗೋಧಿಗೆ ಪಂಜು ಮುಟ್ಟಿಸುವಾಗ ನಾನು ಅತ್ತುಬಿಟ್ಟೆ.

ನಾವು ಕೊನೆಯ ದೋಣಿ ಹತ್ತುವ ಹೊತ್ತಿಗೆ ಹೊಗೆ ಹೊಳೆಯವರೆಗೂ ಬಂದಿತ್ತು. ಧಣಿ ಕೆಮ್ಮುತ್ತಾ ಒಂದು ಕಣ್ಣು ಬಿಟ್ಟ.

“ಶಭಾಷ್, ಎಲೆಕೋಸುಗಳಾ! ಒಂದ್ ತೆನೇನೂ ಉಳ್ಸಿಲ್ಲ ತಾನೆ?”

“ನಿಮ್ದೊಂದ್ ತೆನೇನೂ ಉಳ್ಸಿಲ್ಲ ಬುದ್ಧೀ!” ಎಂದು ನನಗೆ ಬರುವಷ್ಟು ಇಂಗ್ಲಿಷಿನಲ್ಲಿ ಕೂಗಿ, ದೋಣಿ ತಳ್ಳಿದೆ.