ಎಮ್ಮೆಯ ಗಿಣ್ಣ, ಅಕ್ಕನ ಹಾಲು

ಇಳಕಲ್ಲಿನಿಂದ ಹುನಗುಂದದವರೆಗೆ ಒಂದೇ ಉಸಿರಿಗೆ ಸೈಕಲ್ ತುಳಿದು ಬಂದ ಶಿವಗಂಗಾಳ ತೊಡೆಗಳು ಬಿಗಿದುಹೋಗಿದ್ದವು. ಭಾನುವಾರ ಬಾಗಲಕೋಟೆಯಲ್ಲಿ ಆಯ್ಕೆಯ ರೇಸು. ರೇಸು ಹಾಳಾಗಲಿ, ಅವಳ ಜೀವವೆಲ್ಲ ಈಗ ಆಸ್ಪತ್ರೆಯಲ್ಲಿತ್ತು. ನಸುಕಿನಲ್ಲಿ ಅಕ್ಕ ದಾನಮ್ಮನ ಹೊಟ್ಟೆ ಕೊಯ್ದು ಕೂಸು ತೆಗೆದಿದ್ದರು. ಹೆಣ್ಣುಕೂಸು.

ಕೋಣೆಯೊಳಗೆ ಕಾಲಿಟ್ಟಿದ್ದೇ ತಡ, ಆಯಿ ಗುರುಲಿಂಗವ್ವ ಸ್ಟೀಲಿನ ಡಬ್ಬಿ ಮುಂದೆ ಹಿಡಿದಳು. ತಾಯಿಯಿಲ್ಲದ ಈ ಇಬ್ಬರು ಮೊಮ್ಮಕ್ಕಳನ್ನು ಸಾಕಿದವಳು ಅವಳೇ. ಅವಳ ಮಾತಿಗೆ ಎದುರಾಡುವ ಗಂಡಸೂ ಆ ಮನೆಯಲ್ಲಿರಲಿಲ್ಲ.

"ತಗೋ, ಗಿಣ್ಣ. ನಿನ್ನೆ ಈದ ಎಮ್ಮಿ ಮೊದಲ್ನೇ ಹಾಲಿಂದು. ನಿಮ್ಮ ಮಾಸ್ತರ ಕೊಟ್ಟ ಪುಡಿಗಿಂತ ನೂರು ಪಾಲು ಚಲೋ. ಕಾಲಿಗೆ ಕಸುವು ಬರ್ತೈತಿ."

ಆ ಪುಡಿಯ ಕಥೆಯೇ ಬೇರೆ. ಸೈಕಲ್ ಕಲಿಸುವ ನಜೀರಸಾಬ ಹೋದ ತಿಂಗಳು ಗಿಣ್ಣದ ಹಾಲಿನ ಪುಡಿ ತಂದುಕೊಟ್ಟಿದ್ದ. ಗಿಣ್ಣವನ್ನೂ ಒಣಗಿಸಿ ಡಬ್ಬಿಗೆ ತುಂಬುತ್ತಾರೆಯೇ ಎಂದು ಆಯಿ ಬಿದ್ದು ಬಿದ್ದು ನಕ್ಕಿದ್ದಳು. ಮನುಷ್ಯ ಪ್ರಾಮಾಣಿಕ, ಇದ್ದದ್ದನ್ನು ಇದ್ದಂಗೆ ಹೇಳಿದ್ದ: "ದಣಿದ ಮೈ ಲಗೂ ಸುಧಾರಸ್ತೈತಿ ಅಂತಾರ ತಂಗಿ. ನಿನಗ ಎಷ್ಟು ಉಪಯೋಗ ಆಗ್ತೈತೋ, ಖರೇ ಹೇಳ್ತೇನಿ, ನನಗೂ ಗೊತ್ತಿಲ್ಲ. ಆದ್ರ ಹುಟ್ಟಿದ ಕರಕ್ಕ ಮಾತ್ರ ಅದ ಜೀವ. ಅದು ಸಿಗದ ಕರ ಉಳಿಯೂದು ಕಷ್ಟ."

ಒಂದು ತುಂಡು ಬಾಯಿಗಿಟ್ಟುಕೊಂಡು ಶಿವಗಂಗಾ, ಮಂಚದ ಮೇಲೆ ಮಂಪರಿನಲ್ಲಿದ್ದ ಅಕ್ಕನ ಪಕ್ಕದ ಕೂಸಿನ ಕಡೆ ಬಗ್ಗಿದಳು. ಅದು ಅಳುತ್ತಿರಲಿಲ್ಲ. ತುಟಿ ಒಣಗಿತ್ತು. ಪಕ್ಕದ ಬಟ್ಟಲಲ್ಲಿ ಬೆಲ್ಲದ ನೀರು, ಅದರಲ್ಲಿ ಅದ್ದಿಟ್ಟ ಅರಿವೆಯ ಬತ್ತಿ. ಮಂಚದ ಕೆಳಗೆ ಇನ್ನೊಂದು ಬಟ್ಟಲು, ಅದರ ತಳದಲ್ಲಿ ಹಳದಿ ಹಾಲು.

"ಇದೇನು ಆಯಿ?"

"ನಿಮ್ಮಕ್ಕಂದು. ಕೆಟ್ಟ ಹಾಲು, ಹಿಂಡಿ ತಗದೇನಿ. ಮೂರು ದಿನ ಕೊಡಬಾರದು."

ಶಿವಗಂಗಾ ಬಾಯಿಯೊಳಗಿನ ಗಿಣ್ಣವನ್ನು ಅಂಗೈಗೆ ಉಗುಳಿದಳು. ಅಷ್ಟರಲ್ಲಿ ನರ್ಸ್ ಅಬೇದಾ ಒಳಗೆ ಬಂದಳು.

"ಕೂಸು ಹಾಲು ಎಳೀತೇನ್ರಿ ಆಯಿ?"

"ಎಳೀತವಾ, ಭೇಷ್ ಎಳೀತು."

ಅಬೇದಾ ಕೂಸಿನ ಕೈ ಎತ್ತಿ ಬಿಟ್ಟಳು. ಕೈ ಸುಮ್ಮನೆ ಬಿದ್ದುಕೊಂಡಿತು. ಅವಳ ಮುಖ ಬದಲಾಯಿತು.

"ಸುಳ್ಳು ಹೇಳಾಕತ್ತಾಳ್ರಿ!" ಶಿವಗಂಗಾ ಚೀರಿದಳು. "ಮುಂಜಾನಿಂದ ಒಂದು ಹನಿ ಕೊಟ್ಟಿಲ್ಲ!"

"ಬಾಯಿ ಮುಚ್ಚಲೇ! ನಾ ಹಡದಾಕಿ. ನೀ ಬರೇ ಸೈಕಲ್ ತುಳದಾಕಿ!"

"ಎಮ್ಮಿದಾದ್ರ ಅಮೃತ, ಅಕ್ಕಂದಾದ್ರ ವಿಷ? ನನ್ನ ಕಾಲಿಗೆ ಗಿಣ್ಣ ತಿನ್ನಿಸಿ ಕೂಸಿನ ಗಿಣ್ಣ ಚೆಲ್ತೀಯಲ್ಲ ಆಯಿ!"

ಆಯಿ ಮಂಚಕ್ಕೆ ಅಡ್ಡ ನಿಂತಳು. ಹುಟ್ಟಿದಂದಿನಿಂದ ಆ ಮುದುಕಿಯ ಮುಂದೆ ದನಿ ಎತ್ತದ ಹುಡುಗಿ ಅವಳ ರಟ್ಟೆ ಹಿಡಿದು ಪಕ್ಕಕ್ಕೆ ಸರಿಸಿದಳು.

ಅಬೇದಾ ಕೂಸನ್ನು ದಾನಮ್ಮನ ಎದೆಗೆ ಹಚ್ಚಿದಳು. ಕೂಸು ಬಾಯಿ ತೆರೆಯಲಿಲ್ಲ. ಅಂಗಾಲು ತಟ್ಟಿದರು, ಕೆನ್ನೆ ಸವರಿದರು, ಊಹೂಂ. "ಬಾಗಲಕೋಟಿಗೆ ಕಳಿಸಬೇಕಾಗ್ತೈತಿ, ಗಾಡಿಗೆ ಹೇಳ್ರಿ" ಎಂದು ಅಬೇದಾ ಬಾಗಿಲಾಚೆ ಕೂಗಿ, ಎದೆ ಹಿಂಡಿ ನಾಲ್ಕು ಹನಿ ಹಳದಿ ಹಾಲನ್ನು ಚಮಚಕ್ಕೆ ತೆಗೆದು ತುಟಿಗೆ ತಾಗಿಸಿದಳು. ಮೊದಲ ಹನಿ ಕಟವಾಯಿಯಿಂದ ಹೊರಗೆ ಹರಿಯಿತು. ಎರಡನೆಯದೂ ಅಷ್ಟೇ. ದಾನಮ್ಮ ಬಿಕ್ಕಿ ಬಿಕ್ಕಿ ಅತ್ತಳು. ಮೂರನೆಯ ಹನಿಗೆ ಪುಟ್ಟ ಗಂಟಲು ಗುಟಕ್ಕೆಂದಿತು.

ಗಾಡಿ ಬರುವ ಹೊತ್ತಿಗೆ ಕೂಸು ಮೊಲೆ ಹಿಡಿದಿತ್ತು. ಅಬೇದಾ ಹಣೆಯ ಬೆವರು ಒರೆಸಿಕೊಂಡು ಗಾಡಿಯನ್ನು ಹಿಂದಕ್ಕೆ ಕಳಿಸಿದಳು. ಶಿವಗಂಗಾ ಅಲ್ಲೇ ಗೋಡೆಗೆ ಒರಗಿ ಕೂತಳು.

ಆಯಿ ಮಾತ್ರ ನಿಂತಲ್ಲೇ ನಿಂತಿದ್ದಳು.

"ನರ್ಸಬಾಯಿ, ಆ ಹಾಲು ಸಿಗದ ಕೂಸು... ಮೈ ತಣ್ಣಗಾಗಿ ಹೋಗ್ತಾವೇನು?"

"ಒಮ್ಮೊಮ್ಮೆ ಹಂಗಾಗ್ತೈತ್ರಿ. ಯಾಕ ಆಯಿ?"

ಆಯಿ ಮೊಮ್ಮಗಳ ಕಡೆ ತಿರುಗಿದಳು. ದನಿ ಅವಳದೇ ಅನ್ನಿಸಲಿಲ್ಲ.

"ನಿಮ್ಮಪ್ಪನಕಿಂತ ಮೊದಲ ಎರಡು ಹೆಣ್ಣು ಹಡದಿದ್ದೆ, ಗಂಗಾ. ಒಂದೂ ಉಳೀಲಿಲ್ಲ. ನನಗ ಹಾಲು ಭಾಳ ಇತ್ತು. ಎದಿ ಬಿಗದು ಜ್ವರ ಬರ್ತಿತ್ತು. ಅವು ಬಾಜೂಕ ಅಳತಿದ್ವು, ನಾ ಗೋಡಿ ಕಡೆ ಮಾರಿ ಮಾಡಿ ಹಿಂಡಿ ಹಿಂಡಿ ಚೆಲ್ಲಿದೆ."