ವೆಂಕಟರಾಯಪ್ಪನ ಕೈ

ಗೋಡೆಯ ಫೋಟೋದ ಮೇಲೆ ಗಂಧದ ಹಾರ ಇತ್ತು. ಪಕ್ಕದಲ್ಲಿ ಸಣ್ಣದೊಂದು ಕೆಂಪು ಬಲ್ಬು ಉರಿಯುತ್ತಿತ್ತು. ಖಾಜಾ ಪೀರ್ ಇನ್ನೂ ಚಪ್ಪಲಿ ಬಿಡುತ್ತಿದ್ದ. ಒಂದು ಕಾಲು ಹೊಸ್ತಿಲಾಚೆ, ಒಂದು ಈಚೆ, ಹಾಗೇ ನಿಂತುಬಿಟ್ಟ. ಫೋಟೋದ ಕೆಳಗೆ ಬಿಳಿ ಅಕ್ಷರದಲ್ಲಿ ವೆಂಕಟರಾಯಪ್ಪ ಎಂದು ಬರೆದಿತ್ತು. ಅದರ ಕೆಳಗೆ ತೀರಿಕೊಂಡ ತಾರೀಕು, ಮೇ ೨೦೨೧.

ನಾಲ್ಕು ವರ್ಷ! ಹೋದ ಮಂಗಳವಾರವಷ್ಟೇ ಇದೇ ವೆಂಕಟರಾಯಪ್ಪ ಸಾಣೆ ಹಿಡಿದ, ಗೇರು ಕಡೆಯುವ ಹನ್ನೆರಡು ಕಟರುಗಳು ಚಿಂತಾಮಣಿಯ ಈ ಮನೆಯಿಂದ ಬಸ್ಸಿನಲ್ಲಿ ಗೌರಿಬಿದನೂರಿನ ಅವನ ಶಾಪಿಗೆ ಬಂದಿದ್ದವು. ಒಂದೊಂದನ್ನೂ ಎಣ್ಣೆಕಾಗದದಲ್ಲಿ ಸುತ್ತಿ, ಮೇಲೆ ಚೀಟಿ ಕಟ್ಟಿತ್ತು.

"ಕೂತ್ಕೊಳ್ಳಿ ಸಾಬ್ರೇ," ಎಂದರು ವೆಂಕಟರಾಯಪ್ಪನ ಹೆಂಡತಿ ವರಲಕ್ಷ್ಮಮ್ಮ. ಅವರ ದನಿಯಲ್ಲಿ ಜೀವ ಇರಲಿಲ್ಲ. "ಫೋನ್ ಮಾಡಿ ಬಂದಿದ್ರೆ..." ಎಂದು ಶುರುಮಾಡಿ ಅಲ್ಲಿಗೇ ನಿಲ್ಲಿಸಿದರು. ಫೋನ್ ಮಾಡಿ ಬಂದಿದ್ದರೆ ಫೋಟೋ ಒಳಗಿನ ಕೋಣೆಗೆ ಹೋಗಿರುತ್ತಿತ್ತು ಎಂಬುದು ಅವನಿಗೆ ಗೊತ್ತಾಯಿತು.

ಖಾಜಾ ಪೀರ್‌ದು ಗೌರಿಬಿದನೂರಿನಲ್ಲಿ ಏಳು ಜನರ ಮಷೀನ್ ಶಾಪು. ಶಿಡ್ಲಘಟ್ಟದ ರೇಷ್ಮೆ ನೂಲು ತೆಗೆಯುವ ಮಷೀನುಗಳಿಗೆ ಗೇರು ಕಡೆದು ಕೊಡುವುದು ಅವರ ಕೆಲಸ. ಕಟರು ಮೊಂಡಾದರೆ ಗೇರಿನ ಹಲ್ಲು ಒರಟಾಗುತ್ತದೆ, ಮಷೀನು ಅದುರುತ್ತದೆ, ಅಲ್ಲಿ ಎಳೆ ಕಡಿಯುತ್ತದೆ, ಇಲ್ಲಿ ಫೋನಿನಲ್ಲಿ ಬೈಗುಳ ಬರುತ್ತದೆ. ಹದಿನೈದು ವರ್ಷದಿಂದ ಆ ಬೈಗುಳ ತಪ್ಪಿಸಿದ್ದು ವೆಂಕಟರಾಯಪ್ಪನ ಕೈ. ಮುಖ ನೋಡಿ ಹತ್ತು ವರ್ಷ ದಾಟಿತ್ತು, ನಿಜ. ಆದರೆ ಕೆಲಸ ಬರುತ್ತಿರುವಾಗ ಮುಖ ಯಾರಿಗೆ ಬೇಕು?

ಕಟರು ಬಸ್ಸಿನಲ್ಲಿ ಹೋಗಿ ಬರುವಷ್ಟರಲ್ಲಿ ನಾಲ್ಕು ದಿನ ಕಳೆಯುತ್ತಿತ್ತು. ಅದಕ್ಕೇ ಸಾಣೆ ಹಿಡಿಯುವ ಕಟರ್ ಗ್ರೈಂಡರ್ ಒಂದನ್ನು ಸ್ವಂತಕ್ಕೆ ತೆಗೆದುಕೊಳ್ಳಲು ಅವನು ಮನಸ್ಸು ಮಾಡಿದ್ದ. ಬೆಂಗಳೂರಿನ ಪೀಣ್ಯದಿಂದ ಮೂರು ಮಷೀನುಗಳ ವಿವರದ ಹಾಳೆಗಳು ಬಂದಿದ್ದವು. ಮೂರೂ ಮಿರಮಿರ ಮಿಂಚುತ್ತಿದ್ದವು, ಮೂರೂ ತಾನೇ ಮೇಲು ಎನ್ನುತ್ತಿದ್ದವು. ಯಾವುದನ್ನು ಕೊಳ್ಳಬೇಕೆಂದು ಹೇಳಬಲ್ಲ ಮನುಷ್ಯ ಈ ಸೀಮೆಯಲ್ಲಿ ಒಬ್ಬನೇ ಇದ್ದ. ಯಾರ ಕೆಲಸ ನಿಲ್ಲಿಸಲು ಹೊರಟಿದ್ದೇವೋ ಅವರನ್ನೇ ಸಲಹೆ ಕೇಳುವುದು ನಾಚಿಕೆಗೇಡು ಎಂದು ಖಾಜಾ ಪೀರ್‌ಗೂ ಅನ್ನಿಸಿತ್ತು. ಆ ನಾಚಿಕೆಗೆಂದೇ ಒಂದು ಕೆಜಿ ಮೈಸೂರು ಪಾಕು ಕಟ್ಟಿಸಿಕೊಂಡು ಬಂದಿದ್ದ. ಈಗ ಆ ಪೊಟ್ಟಣವನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ.

"ಮತ್ತೆ ಕಟರು... ಯಾರು ಮಾಡ್ತಿರೋದಮ್ಮಾ?"

ವರಲಕ್ಷ್ಮಮ್ಮ ಎರಡೂ ಅಂಗೈ ಚಾಚಿ, ತಿರುಗಿಸಿ ತೋರಿಸಿದರು. ಗೆರೆಗೆರೆಯಲ್ಲೂ ಕಬ್ಬಿಣದ ಕಪ್ಪು ಕೂತಿತ್ತು. ಎಡಗೈ ಹೆಬ್ಬೆರಳಿನ ಉಗುರಿನ ಮೇಲೆ ಹತ್ತಾರು ಬಿಳಿ ಗೀರುಗಳಿದ್ದವು. ಕಟರಿನ ಹರಿತವನ್ನು ಉಗುರಿನ ಮೇಲೆ ನೋಡುವವರಿಗೆ ಮಾತ್ರ ಬೀಳುವ ಗೀರು ಅದು.

"ನಾಲ್ಕು ವರ್ಷದಿಂದ ನೀವೇನಾ?"

"ನಾಲ್ಕಲ್ಲ, ಹತ್ತು. ಅವ್ರ ಕೈ ನಡುಗೋಕೆ ಶುರುವಾಯ್ತಲ್ಲ, ಆವಾಗಿಂದ. ಅವ್ರು ಪಕ್ಕದಲ್ಲಿ ಸ್ಟೂಲ್ ಹಾಕ್ಕೊಂಡು ಕೂತು ಹೇಳೋರು, ನಾನು ಹಿಡಿಯೋಳು. ಆಮೇಲಾಮೇಲೆ ಹೇಳೋದೂ ಬಿಟ್ರು."

ಖಾಜಾ ಪೀರ್ ಪೊಟ್ಟಣವನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಶಾಪಿನಲ್ಲಿ ಯಾರಾದರೂ ಕೆಲಸ ಕೆಡಿಸಿದಾಗಲೆಲ್ಲ ಅವನು ಒಂದೇ ಪಾಠ ಒಪ್ಪಿಸುತ್ತಿದ್ದ: ವೆಂಕಟರಾಯಪ್ಪನ ಕಟರು ನೋಡ್ರೋ, ಗಂಡಸಿನ ಕೈ ಅಂದ್ರೆ ಅದು. ಹತ್ತು ವರ್ಷ ಈ ಹೆಂಗಸಿನ ಕೆಲಸ ತೋರಿಸಿ ಗಂಡಸುತನ ಕಲಿಸಿದ್ದ! ನೆನೆದು ನಾಚಿಕೆಯಾಯಿತು. ಅದರ ಹಿಂದೆಯೇ ಸಿಟ್ಟೂ ಬಂತು.

"ಒಂದು ಮಾತು ಹೇಳಬಾರದಿತ್ತಾ? ನಾನು ಮಣ್ಣಿಗೂ ಬರಲಿಲ್ಲವಲ್ಲಮ್ಮ. ಹಬ್ಬಹಬ್ಬಕ್ಕೂ ಫೋನ್ ಮಾಡಿ ಯಜಮಾನ್ರು ಹೆಂಗಿದ್ದಾರೆ ಅಂತ ಕೇಳಿದೀನಿ."

"ಮಣ್ಣಿಗೆ ಯಾರೂ ಬರಲಿಲ್ಲ ಸಾಬ್ರೇ, ಲಾಕ್‌ಡೌನು. ನೀವು ಹೆಂಗಿದ್ದಾರೆ ಅಂದಾಗ ನಾನು ಹಂಗೇ ಅವ್ರೆ ಅಂದೆ. ಸುಳ್ಳೇನಲ್ಲ. ನೋಡಿ, ಹಂಗೇ ಅವ್ರೆ." ವರಲಕ್ಷ್ಮಮ್ಮ ಫೋಟೋದ ಕಡೆ ತಿರುಗಲಿಲ್ಲ. "ಹೊಸಕೋಟೆ ಕಡೆ ಒಬ್ಬರಿಗೆ ಹೇಳಿ ನೋಡ್ದೆ. ಅಯ್ಯೋ ಪಾಪ ಅಂದ್ರು, ಅತ್ತೇಬಿಟ್ರು. ಮಾರನೇ ವಾರದಿಂದ ಕಟರ್ ಕಳಿಸೋದು ನಿಲ್ಲಿಸಿದ್ರು. ನೀವು ಕಳಿಸ್ತಿದ್ರಾ? ದೇವುಡು ಮೆಚ್ಚಂಗೆ ಹೇಳಿ."

ಕಳಿಸುತ್ತಿದ್ದೆ ಎಂದರೆ ಸುಳ್ಳಾಗುತ್ತಿತ್ತು.

"ಅದಿರ್ಲಿ, ಬಂದಿದ್ದೇನು?"

ಬೇರೇನೂ ತೋಚದೆ ಅವನು ಹಾಳೆಗಳನ್ನು ತೆಗೆದು ಕೊಟ್ಟ. ವರಲಕ್ಷ್ಮಮ್ಮ ಕನ್ನಡಕ ಏರಿಸಿಕೊಂಡು ಚಿತ್ರಗಳನ್ನು ನೋಡಿದರು. ಇದು ತಮ್ಮ ಅನ್ನಕ್ಕೆ ಕುತ್ತಾಗಿ ಬಂದ ಮಷೀನು ಎಂದು ಅವರಿಗೆ ತಿಳಿಯಲು ಒಂದು ನಿಮಿಷವೂ ಹಿಡಿಯಲಿಲ್ಲ. ಇನ್ನು ಮೂರೂ ಕೆಟ್ಟವೇ ಎನ್ನುತ್ತಾರೆ ಎಂದುಕೊಂಡ ಖಾಜಾ ಪೀರ್. ಅವನಾಗಿದ್ದರೆ ಅನ್ನುತ್ತಿದ್ದ.

"ಮೊದಲನೇದು ಬೇಡ," ಎಂದರು. "ಇದ್ರಲ್ಲಿ ಹಲ್ಲು ಎಣಿಸಿ ತಿರುಗಿಸೋ ತಟ್ಟೇನೇ ಇಲ್ಲ. ಗೇರ್ ಕಟರಿಗೆ ಮುಖ ಮಾತ್ರ ಉಜ್ಜಬೇಕು, ಬೆನ್ನು ಮುಟ್ಟಂಗಿಲ್ಲ. ಮುಟ್ಟಿದ್ರೆ ಹಲ್ಲಿನ ರೂಪಾನೇ ಹೋಯ್ತದೆ. ಮೂರನೇದು ದೊಡ್ಡ ಫ್ಯಾಕ್ಟರಿಯೋರಿಗೆ, ನಿಮಗ್ಯಾಕೆ. ಈ ಎರಡನೇದು ತಗೊಳ್ಳಿ. ಆದ್ರೆ ಚಿತ್ರ ನೋಡಿ ತಗೋಬೇಡಿ. ಹೋಗಿ ಟೇಬಲ್ ಒಂದು ಬೆರಳಲ್ಲಿ ತಳ್ಳಿ. ಬೆಣ್ಣೆ ಜಾರ್ದಂಗೆ ಹೋಗ್ಬೇಕು. ತಡೆದು ತಡೆದು ಹೋದ್ರೆ ವಾಪಸ್ ಬಂದುಬಿಡಿ."

ಸತ್ತ ಸುದ್ದಿಗಿಂತ ಹೆಚ್ಚಾಗಿ ಖಾಜಾ ಪೀರ್‌ನನ್ನು ಹೊಡೆದದ್ದು ಇದು. ಹಾಳೆಗಳನ್ನು ವಾಪಸು ಇಸಿದುಕೊಂಡು ಎರಡನೆಯದನ್ನು ಮೇಲಿಟ್ಟ.

"ಆ ತಳ್ಳೋದು ನನಗೆ ಗೊತ್ತಾಗಲ್ಲಮ್ಮ. ನೀವೇ ಬಂದು ನೋಡಿ. ಮಷೀನ್ ಬಂದ್ಮೇಲೂ ನೀವೇ..."

"ಯಾರು ಅಂತ ಕರ್ಕೊಂಡು ಹೋಗ್ತೀರಾ?"

ಅಷ್ಟರಲ್ಲಿ ಜೇಬಿನ ಫೋನು ಬಡಿದುಕೊಂಡಿತು. ಶಾಪಿನ ಮೇಸ್ತ್ರಿ ಕೆಂಪರಾಜು. ಮಷೀನುಗಳ ಸದ್ದಿನಲ್ಲಿ ಅವನದು ಯಾವಾಗಲೂ ಕೂಗುವ ಮಾತು, ಕೋಣೆಗೆಲ್ಲ ಕೇಳಿಸಿತು. "ಏನಂದ್ರು ಸಾರ್ ವೆಂಕಟರಾಯಪ್ಪನೋರು? ಪೀಣ್ಯಕ್ಕೆ ಮಷೀನ್ ನೋಡೋಕೆ ಬರ್ತಾರಂತಾ?"

ಖಾಜಾ ಪೀರ್ ವರಲಕ್ಷ್ಮಮ್ಮನ ಮುಖ ನೋಡಿದ. ಅವರು ಬೇಡವೆನ್ನಲಿಲ್ಲ, ಹೂಂ ಎನ್ನಲೂ ಇಲ್ಲ. ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದು ನಿಂತಿದ್ದರು.

"ಬರ್ತಾರೆ," ಎಂದ ಅವನು.

"ಯಾವಾಗ ಸಾರ್?"

"ಸೋಮವಾರ. ಯಾರು ಅಂತ ಬಂದ್ಮೇಲೆ ನೀನೇ ನೋಡುವೆಯಂತೆ."

ವರಲಕ್ಷ್ಮಮ್ಮ ಹಿತ್ತಲಿಗೆ ಹೋದರು. ನಲ್ಲಿ ತಿರುಗಿಸಿ, ಸೋಪು ಹಚ್ಚಿ ಕೈ ತಿಕ್ಕತೊಡಗಿದರು. ಖಾಜಾ ಪೀರ್ ಕೂತಲ್ಲಿಗೇ ಆ ಸದ್ದು ಕೇಳುತ್ತಿತ್ತು. ಬಹಳ ಹೊತ್ತು ತಿಕ್ಕಿದರು. ಕಲ್ಲಿನ ಮೇಲೆ ನೀರು ಕಪ್ಪಾಗಿಯೇ ಹರಿಯುತ್ತಿತ್ತು.