ರಾಗಿ ಹೊಲದ ಮೇಲಿನ ಟೇಪು

ದೇವರಾಜು ರಾಗಿ ಹೊಲದ ನಡುವೆ ನಿಂತು, ಗೂಟದಿಂದ ಗೂಟಕ್ಕೆ ಬಿಗಿದಿದ್ದ ಕರಿ ಟೇಪನ್ನು ಬಿಚ್ಚುತ್ತ ತನ್ನನ್ನು ತಾನೇ ಬಾಯಿಗೆ ಬಂದಂತೆ ಬೈದುಕೊಳ್ಳುತ್ತಿದ್ದ. ಗಾಳಿ ಬಂದರೆ ಟೇಪು ಗುಂಯ್ ಅನ್ನುತ್ತದೆ, ಗಿಳಿ ಗುಬ್ಬಿ ತೆನೆಗೆ ಇಳಿಯುವುದಿಲ್ಲ. ಗುಡೇಮಾರನಹಳ್ಳಿಯಲ್ಲಿ ಎಲ್ಲರೂ ಹಳೇ ಕ್ಯಾಸೆಟ್ಟು ಒಡೆದು ಕಟ್ಟುತ್ತಾರೆ. ಇವನಿಗೆ ಅಟ್ಟದ ಮೇಲೆ ಊಟದ ತಟ್ಟೆಯಷ್ಟು ದೊಡ್ಡ ಟೇಪಿನ ಚಕ್ರವೇ ಸಿಕ್ಕಿತ್ತು. ಅದು ಸೋದರತ್ತೆ ಮಾಯಮ್ಮನದು ಎಂದು ಗೊತ್ತಿತ್ತು. ಲಕ್ವ ಹೊಡೆದು, ಮಾತು ನಿಂತು ಮಲಗಿದವಳನ್ನು ಕೇಳುವುದೇನು ಅಂತ ಎಳೆದು ಕಟ್ಟಿಬಿಟ್ಟಿದ್ದ. ಎರಡು ಬೆಳೆಯ ಬಿಸಿಲು ಮಳೆ ಅದರ ಮೇಲೆ ಹೋಗಿತ್ತು.

ಆವತ್ತು ಬೆಳಿಗ್ಗೆ ಬೆಂಗಳೂರಿನಿಂದ ಮೆಹ್ರೀನ್ ಅನ್ನುವ ಹೆಣ್ಣುಮಗಳು ಬಂದು ಕೇಳಿದ್ದು ಆ ಟೇಪನ್ನೇ.

ಮಾಯಮ್ಮ ಹುಡುಗಿಯಾಗಿದ್ದಾಗ ರೇಡಿಯೋ ರಿಪೇರಿ ಕಲಿತು, ಉತ್ತರದ ಕಡೆ ಒಂದು ಸ್ಟುಡಿಯೋದಲ್ಲಿ ಕೆಲಸಕ್ಕಿದ್ದವಳು. ಅಲ್ಲಿಗೆ ಹೊರದೇಶದಿಂದ ಮೈತುಂಬ ತಿರುಪುಗಳಿದ್ದ, ಸದ್ದು ಹುಟ್ಟಿಸುವ ಮಿಷಿನ್ನೊಂದು ಬಂದಿತ್ತು. ದೊಡ್ಡವರೆಲ್ಲ ಊಟಕ್ಕೆ ಎದ್ದ ಮೇಲೆ ಇವಳು ಅದರ ಮುಂದೆ ಕೂತು ತನ್ನದೇ ಸಂಗೀತ ಕಟ್ಟಿದಳು. ಸ್ಟುಡಿಯೋ ಮುಚ್ಚಿತು. ಟೇಪು ಹಿಡಿದುಕೊಂಡು ಬಂದವಳು ಮಾಗಡಿಯಲ್ಲಿ ರೇಡಿಯೋ ಅಂಗಡಿ ಇಟ್ಟಳು. "ವೀಣೆ ಇಲ್ಲ, ಕೊಳಲಿಲ್ಲ, ತಿರುಪು ತಿರುಗಿಸಿದ್ರೆ ರಾಗ ಬತ್ತದೆ" ಅಂದದ್ದಕ್ಕೆ ಊರು ಬಿದ್ದು ಬಿದ್ದು ನಕ್ಕಿತು. ಅವಳು ಬೀದಿಗೆ ಬಂದರೆ ಹೈಕಳು ಗಾಳಿಯಲ್ಲಿ ಮಣಿಕಟ್ಟು ತಿರುಗಿಸಿ, "ತಿರುಪು ಮಾಯಮ್ಮ, ರಾಗ ಬಂತಾ?" ಅನ್ನುತ್ತಿದ್ದವು. ತನ್ನ ಅವ್ವ ಸತ್ತ ಮೇಲೆ ಅವಳ ಕೈತುತ್ತಿನಲ್ಲೇ ಬೆಳೆದ ದೇವರಾಜುವೂ ತಿರುಗಿಸಿದ್ದ. ಆ ಟೇಪು ಓಡಿಸುವ ಮಿಷಿನ್ನು ಅವಳಿಗೆ ಎಲ್ಲೂ ಸಿಗಲಿಲ್ಲ. ಊರಿನವರಿರಲಿ, ಊರಿಗೆ ಬಂದ ಮೇಲೆ ಅವಳೇ ಅದನ್ನು ಕೇಳಿರಲಿಲ್ಲ.

"ರಾಮನಗರದಲ್ಲಿ ಹಳೇ ರೇಷ್ಮೆ ಶೆಡ್ಡಿನಲ್ಲಿ ಪ್ರದರ್ಶನ ಇಟ್ಟಿದ್ದೀವಿ ಅಜ್ಜಿ. ನಮ್ಮ ದೇಶದಲ್ಲಿ ಮೊದಮೊದಲು ಮಿಷಿನ್ನಲ್ಲಿ ಮಾಡಿದ ಸಂಗೀತ, ಎಲ್ಲರೂ ಮರೆತದ್ದು. ಸ್ಟುಡಿಯೋದ ಹಳೇ ಕಾಗದಗಳಲ್ಲಿ ನಿಮ್ಮ ಹೆಸರು ಸಿಕ್ಕಿತು. ನಿಮ್ಮದೂ ಬೇಕು" ಎಂದು ಮೆಹ್ರೀನ್ ಹಾಸಿಗೆಯ ಪಕ್ಕ ಕೂತು ಹೇಳಿದಾಗ ಮಾಯಮ್ಮನ ಒಂದು ಕಣ್ಣಲ್ಲಿ ನೀರಿಳಿಯಿತು. ಆಡುವ ಎಡಗೈಯಿಂದ ದೇವರಾಜುವಿನ ರಟ್ಟೆ ಹಿಡಿದಳು. ಡಾಕ್ಟರು ಆಗಲೇ ಕೈ ಚೆಲ್ಲಿದ್ದರು. ಅವನು ರಟ್ಟೆ ಬಿಡಿಸಿಕೊಂಡು ಹೊಲಕ್ಕೆ ಓಡಿದ. ಕೋಟೆ ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕುವ ಓಟ.

"ಏನ್ಲಾ ದೇವ್ರಾಜ, ಗಿಳಿಗೋಳ್ನ ಊಟಕ್ಕೆ ಕರ್ದಿದ್ದೀಯಾ?" ಪಕ್ಕದ ಹೊಲದ ಮುನಿಕೃಷ್ಣ ಬದುವಿನ ಮೇಲೆ ನಿಂತು ಕೇಳಿದ.

"ಹೂಂ ಕಣ್ಲಾ, ನೀನೂ ಬಾ, ನಿನ್ನೂ ಕುಕ್ಲಿ! ಮುಚ್ಕೊಂಡು ನಿನ್ ಲಗೇಜ್ ಆಟೋ ತಗೊಂಡ್ಬಾ, ಈ ಟೇಪ್ನ ರಾಮನಗರಕ್ಕೆ ಸಾಗಿಸ್ಬೇಕು."

ಹಿಂದೆಯೇ ಬಂದ ಮೆಹ್ರೀನ್ ಟೇಪನ್ನು ಬೆರಳಲ್ಲಿ ಉಜ್ಜಿದಳು. ಕಂದು ಪುಡಿ ಉದುರಿ, ಕೈಯಲ್ಲಿ ಬೋಳು ಪ್ಲಾಸ್ಟಿಕ್ಕು ಉಳಿಯಿತು.

"ಹೆಂಗದೆ ಮೇಡಮ್ಮು? ರಾಗ ಬತ್ತದೋ ಇಲ್ವೋ ಹೇಳಿ!" ಅಂದ ದೇವರಾಜು.

"ಇದರಲ್ಲಿ ಏನೂ ಇಲ್ಲ ಅಣ್ಣಾ. ಆ ಪುಡಿಯಲ್ಲೇ ಸದ್ದು ಇರೋದು."

ದೇವರಾಜು ಗೂಟವೊಂದನ್ನು ಒದ್ದ. ಕಾಲು ನೋಯಿತು, ಇನ್ನೊಂದು ಸಲ ಒದ್ದ. ಆಮೇಲೆ ನೆನಪಾಗಿ ಹೊಲದ ಮೂಲೆಯ ಹೊಂಗೆ ಮರದ ಕಡೆ ಓಡಿದ. ಮಿಕ್ಕ ಟೇಪನ್ನು ಅಲ್ಲಿನ ಗೂಟಕ್ಕೆ ದಪ್ಪವಾಗಿ ಸುತ್ತಿದ್ದ. ಮೇಲಿನ ಸುತ್ತುಗಳು ಬಿಳಿಚಿದ್ದವು. ಒಳಗಿನವು ಇನ್ನೂ ಮಿರಿಮಿರಿ ಕಪ್ಪು.

"ಇದು ಒಂದು ಸಲ ಓಡಬಹುದು" ಅಂದಳು ಮೆಹ್ರೀನ್. "ಓಡುತ್ತಾ ಓಡುತ್ತಾ ಉದುರುತ್ತೆ. ನಾನು ರೆಕಾರ್ಡ್ ಮಾಡಿ ಫೋನಿಗೆ ಕಳಿಸ್ತೀನಿ."

"ಅಲ್ಲೀಗಂಟ ಅತ್ತೆ ಇರ್ತಳೆ ಅಂತ ನೀವು ಹೇಳ್ತೀರಾ? ಇವತ್ತೇ ಕರ್ಕೊಂಡ್ ಬತ್ತೀನಿ."

ಮನೆಯಲ್ಲಿ ಹೆಂಡತಿ ಮಮತಾ ಬಾಗಿಲಿಗೆ ಅಡ್ಡ ನಿಂತಳು. "ಹೋಗೋ ಜೀವನ್ನ ಗಾಡೀಲಿ ಕುಲುಕ್ಕೊಂಡ್ ಹೋಯ್ತೀಯಾ? ದಾರೀಲೇ ಏನಾರ ಆದ್ರೆ?"

"ಆದ್ರೆ ಆಗ್ಲಿ, ಕೇಳಕ್ಕೆ ಹೊಂಟಿದ್ಲು ಅಂತಾದ್ರೂ ಆಯ್ತದೆ. ಅತ್ಲಾಗೆ ಸರಿ ಒಸಿ!"

ಮಮತಾ ಬೈಯುತ್ತಲೇ ಮುನಿಕೃಷ್ಣನ ಆಟೋದಲ್ಲಿ ಎರಡು ಹಾಸಿಗೆ ಹೆಚ್ಚಿಗೆ ಹಾಸಿದಳು. ರಾಮನಗರದವರೆಗೂ ದೇವರಾಜು ಅತ್ತೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಪ್ರತಿ ಗುಂಡಿಗೂ ಮುನಿಕೃಷ್ಣನ ವಂಶವನ್ನೇ ಜಾಲಾಡಿದ.

ಶೆಡ್ಡಿನ ಸೂರಿನಿಂದ, ರೇಷ್ಮೆ ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳು ಇಳಿಬಿದ್ದಿದ್ದವು. ಒಂದೊಂದರಲ್ಲೂ ಪುಟ್ಟ ಸ್ಪೀಕರು. ನೋಡಲು ಬಂದಿದ್ದ ಜನ ಹಿಂದೆ ಸರಿದು ದಾರಿ ಬಿಟ್ಟರು. ಮಾಯಮ್ಮನನ್ನು ನಡುವೆ ಚಾಪೆಯ ಮೇಲೆ ಮಲಗಿಸಿದರು. ಮೆಹ್ರೀನ್ ಆ ಟೇಪನ್ನು ಚಕ್ರಕ್ಕೆ ಸುತ್ತಿ ಮಿಷಿನ್ನಿಗೆ ಏರಿಸಿದಳು.

ಮೊದಲು ಬರೀ ಸುಯ್ ಸದ್ದು. ಆಮೇಲೆ ದೂರದ ಬಾವಿಯ ರಾಟೆಯಂತೆ ಒಂದು ದನಿ. ಅದರೊಳಗಿಂದ ಇನ್ನೊಂದು ಎದ್ದಿತು, ಒದ್ದೆ ಬೆರಳನ್ನು ಲೋಟದ ಅಂಚಿನ ಮೇಲೆ ಆಡಿಸಿದ ಹಾಗೆ. ಏರಿತು, ಬಳುಕಿತು, ಚಂದ್ರಿಕೆಯಿಂದ ಚಂದ್ರಿಕೆಗೆ ಹಾರಿತು. ದೇವರಾಜು ತಲೆ ಎತ್ತಿ ಅದು ಹಾರಿದ ಕಡೆಗೆಲ್ಲ ತಿರುಗಿ ನೋಡಿದ. ಅತ್ತೆ ಹೇಳಿದ್ದು ನಿಜ. ಇಷ್ಟು ವರ್ಷವೂ ನಿಜವೇ ಆಗಿತ್ತು.

ದನಿ ಇನ್ನೂ ಮೇಲಕ್ಕೆ ಏರುತ್ತಿದ್ದ ಹಾಗೇ ಕಡಿಯಿತು. ಮತ್ತೆ ಸುಯ್. ಮಿಷಿನ್ನಿನ ಕೆಳಗೆ ಕಂದು ಪುಡಿ ಬಿದ್ದಿತ್ತು.

"ಇಷ್ಟೇನಾ?" ಅಂದರು ಯಾರೋ.

ಇಷ್ಟೇ. ಮಿಕ್ಕಿದ್ದನ್ನು ಗಿಳಿ ಓಡಿಸಲು ಹಾಕಿದ್ದು ತಾನು. ದೇವರಾಜು ಹಣೆ ಹಣೆ ಚಚ್ಚಿಕೊಂಡು, ಅತ್ತೆಯ ಮುಖ ನೋಡಲಾರದೆ ಅವಳ ಕೈ ನೋಡಿದ.

ಎಡಗೈ ಚಾಪೆಯಿಂದ ಮೇಲೆದ್ದಿತ್ತು. ಮಣಿಕಟ್ಟು ಗಾಳಿಯಲ್ಲಿ ತಿರುಗುತ್ತಿತ್ತು. ಒಸಿ ಬಲಕ್ಕೆ, ನಿಂತು, ಕೂದಲೆಳೆಯಷ್ಟು ಎಡಕ್ಕೆ, ಮತ್ತೆ ಬಲಕ್ಕೆ. ಊರಿನ ಹೈಕಳೆಲ್ಲ ಅಣಕಿಸುತ್ತಿದ್ದದ್ದು ಇದನ್ನೇ, ಆದರೆ ಯಾರೂ ಹೀಗೆ ತಿರುಗಿಸಿರಲಿಲ್ಲ. ಅವಳ ಕಣ್ಣು ಸೂರಿನಲ್ಲಿ ನೆಟ್ಟಿತ್ತು. ಕಡಿದಲ್ಲಿಂದ ಅವಳು ಮುಂದಕ್ಕೆ ನುಡಿಸುತ್ತಿದ್ದಳು.

ಮೆಹ್ರೀನ್ ಮಿಷಿನ್ನು ಆರಿಸಲು ಕೈ ಚಾಚಿದಳು.

"ಮುಟ್ಬೇಡ ಕಣವ್ವಾ!" ದೇವರಾಜು ಕೂಗಿದ ಸದ್ದಿಗೆ ಇಡೀ ಶೆಡ್ಡು ಬೆಚ್ಚಿತು. "ಯಾರೂ ಉಸಿರೆತ್ತಬೇಡಿ. ಇನ್ನೂ ಮುಗ್ದಿಲ್ಲ."

ಮಂಡಿಯೂರಿ ಆ ಮಣಿಕಟ್ಟಿನ ಹತ್ತಿರಕ್ಕೆ ಕಿವಿ ತಂದ. ಉಸಿರು ಬಿಗಿಹಿಡಿದು ಕೇಳಿದ. ಅವಳ ಬಳೆ ಒಂದಕ್ಕೊಂದು ತಾಗುವ ಸದ್ದು ಬಿಟ್ಟು ಅವನಿಗೆ ಏನೂ ಕೇಳಲಿಲ್ಲ.